ಗಾಯಗೊಂಡವನಿಗಷ್ಟೇ ಅಪ್ಪುಗೆ

ಕಡಿಮೆ ದುಡ್ಡಿನಲ್ಲಿ ಅವಸರವಸರವಾಗಿ ತೆಗೆದ ಕುಂಗ್ ಫೂ ಸಿನಿಮಾಗಳನ್ನು ಬಾಳಿನ ಬಗ್ಗೆ ಯೋಚಿಸಲೆಂದು ಯಾರೂ ನೋಡುವುದಿಲ್ಲ. ಗುರುವನ್ನು ಕೊಂದವನ ಮೇಲೆ ಶಿಷ್ಯನ ಸೇಡು, ಅಣ್ಣನನ್ನು ಕೆಡವಿದವನ ಮೇಲೆ ತಮ್ಮನ ಸೇಡು, ನಡುವೆ ಬೆವರು ಸುರಿಸುವ ಅಭ್ಯಾಸ, ಕೊನೆಗೆ ಅಂಗಿ ಹರಿದು ಎದೆ ಕಾಣುವ ಕಾಳಗ, ಇಷ್ಟಾದರೆ ಕತೆ ಮುಗಿಯಿತು. ಆದರೂ ಇಂಥವನ್ನು ಒಂದರ ಹಿಂದೊಂದು ನೋಡಿದವರ ಕಣ್ಣಿಗೆ ಒಂದು ಸಂಗತಿ ಬೀಳದೆ ಇರದು. ಇಲ್ಲಿ ಹೆಣ್ಣಿಗೆ ಸಿಗುವುದು ಅಂಗೈಯಗಲದ ಜಾಗ. ಗಂಡಸಿನ ಮೈಗೆ, ಅದರ ಹುರಿಗೊಂಡ ಭುಜಕ್ಕೆ, ಬೆವರಿಗೆ, ನೋವಿಗೆ ಪರದೆಯೆಲ್ಲ ಮೀಸಲು. ಕಾಳಗಕ್ಕೆ ಮೊದಲು ಇಬ್ಬರು ಗಂಡಸರು ಒಬ್ಬರನ್ನೊಬ್ಬರು ದಿಟ್ಟಿಸುತ್ತ ನಿಲ್ಲುವಷ್ಟು ಹೊತ್ತು ಎಷ್ಟೋ ಪ್ರೇಮಕತೆಗಳಲ್ಲಿ ನಾಯಕ ನಾಯಕಿಯರೂ ನಿಲ್ಲುವುದಿಲ್ಲ. ಗೆಳೆಯ ಸತ್ತಾಗ ನಾಯಕ ಅಳುವ ಅಳು, ಕೈಹಿಡಿದವಳನ್ನು ಕಳಕೊಂಡವನ ಅಳುವಿಗೇನೂ ಕಡಿಮೆಯಿರುವುದಿಲ್ಲ. ಈಗಿನ ಹುಡುಗರು ಇದನ್ನು ಕಂಡು ಪಕ್ಕೆಗೆ ತಿವಿದುಕೊಂಡು ನಗುತ್ತಾರೆ. ಗಂಡಸು ಗಂಡಸಿನ ಮೇಲಿಟ್ಟ ಒಲವಿನ, ಬಯಕೆಯ ಎಳೆಯೊಂದು ಅಲ್ಲಿ ಹೆಣೆದುಕೊಂಡಿದೆ ಎನ್ನುವುದು ಅವರಿಗೆ ಹೊಳೆದಿರುತ್ತದೆ. ಹೊಳೆದದ್ದಕ್ಕೆ ನಗುವೇ ಏಕೆ ಬರಬೇಕು ಎಂಬುದು ನನಗೆ ಆ ಸಿನಿಮಾಗಳಿಗಿಂತ ಹೆಚ್ಚು ಯೋಚಿಸಬೇಕೆನ್ನಿಸುವ ವಿಷಯ.

ಆ ಎಳೆಯನ್ನು ಹಿಡಿದು ಹಿಂದಕ್ಕೆ ಹೋದರೆ ಹಾಂಗ್ ಕಾಂಗಿನ ಶಾ ಬ್ರದರ್ಸ್ ಸ್ಟುಡಿಯೋದ ಬಾಗಿಲಿಗೆ, ಅಲ್ಲಿ ಹೆಸರು ಮಾಡಿದ ನಿರ್ದೇಶಕ ಚಾಂಗ್ ಚೆ ಅವರ ಬಳಿಗೆ ಬಂದು ನಿಲ್ಲುತ್ತೇವೆ. 1960ರ ದಶಕದ ಮೊದಲ ಅರ್ಧದಲ್ಲಿ ಹಾಂಗ್ ಕಾಂಗ್ ಚಿತ್ರರಂಗ ನಟಿಯರದ್ದಾಗಿತ್ತು. 1963ರಲ್ಲಿ ಬಂದು ಜನರನ್ನು ಹುಚ್ಚು ಹಿಡಿಸಿದ 'ದಿ ಲವ್ ಎಟರ್ನ್' ಸಿನಿಮಾದಲ್ಲಿ, ಓದುವ ಆಸೆಗಾಗಿ ಗಂಡುವೇಷ ತೊಟ್ಟ ಹುಡುಗಿಗೂ ಅವಳ ಸಹಪಾಠಿಗೂ ಪ್ರೀತಿ ಹುಟ್ಟುತ್ತದೆ. ಆ ಸಹಪಾಠಿಯ ಪಾತ್ರ ಮಾಡಿದವರೂ ಒಬ್ಬ ನಟಿಯೇ, ಐವಿ ಲಿಂಗ್ ಪೊ. ಗಂಡಸರೇ ಸ್ತ್ರೀಪಾತ್ರ ಕಟ್ಟುತ್ತಿದ್ದ ಕಂಪನಿ ನಾಟಕಗಳನ್ನೂ ಯಕ್ಷಗಾನವನ್ನೂ ಬಲ್ಲ ನಮಗೆ ಇದು ಸೋಜಿಗವಲ್ಲ. ಆದರೆ ನಿರ್ದೇಶನಕ್ಕೆ ಇಳಿಯುವ ಮೊದಲು ವಿಮರ್ಶೆ ಬರೆಯುತ್ತಿದ್ದ ಚಾಂಗ್ ಚೆ ಅವರಿಗೆ ಈ ಕೋಮಲತೆ ಸಾಕುಸಾಕಾಗಿತ್ತು. ಸಿನಿಮಾಕ್ಕೆ ಗಂಡುತನ ಬೇಕು, ಗಂಡಸರು ಮುಂದಾಳುಗಳಾಗಿ ನಿಲ್ಲುವ ಕತೆಗಳು ಬೇಕು ಎಂದು ಅವರು ವಾದಿಸಿದರು. 1967ರಲ್ಲಿ ಅವರ 'ಒನ್ ಆರ್ಮ್ಡ್ ಸ್ವೋರ್ಡ್ಸ್‌ಮನ್' ಹಾಂಗ್ ಕಾಂಗಿನಲ್ಲಿ 10 ಲಕ್ಷ ಡಾಲರ್ ಗಳಿಕೆ ದಾಟಿದಾಗ ಆ ವಾದ ಗೆದ್ದಿತು. ಅಲ್ಲಿಂದ ಮುಂದೆ ಸುಮಾರು ನೂರು ಸಿನಿಮಾಗಳಷ್ಟು ದೂರ ಅವರು ನಡೆದದ್ದು ಇದೇ ದಾರಿಯಲ್ಲಿ.

ಹೆಣ್ಣನ್ನು ಪರದೆಯ ಅಂಚಿಗೆ ಸರಿಸಿ, ಗಂಡಸರೇ ತುಂಬಿದ ಲೋಕವೊಂದನ್ನು ಕಟ್ಟಿದ ಮೇಲೆ ಒಲವು ಎಲ್ಲಿಗೆ ಹೋಗಬೇಕು? ಕತೆಯಿಂದ ಹೆಣ್ಣನ್ನು ಹೊರಗಿಡಬಹುದು. ಒಬ್ಬರಿಗಾಗಿ ಒಬ್ಬರು ಮಿಡಿಯುವುದನ್ನು, ಒಬ್ಬರ ಚೆಲುವಿಗೆ ಇನ್ನೊಬ್ಬರು ಸೋಲುವುದನ್ನು, ಅಗಲಿಕೆಯನ್ನು, ಅಸೂಯೆಯನ್ನು ಹೊರಗಿಟ್ಟರೆ ಕತೆಯೇ ಉಳಿಯುವುದಿಲ್ಲ. ಹಾಗಾಗಿ ಅವೆಲ್ಲ ಗಂಡಸರ ನಡುವೆಯೇ ಹರಿದವು. ಗಂಡುತನದ ಪಾಠ ಹೇಳಲೆಂದೇ ಹುಟ್ಟಿದ ಸಿನಿಮಾ ಗಂಡಸು ಗಂಡಸನ್ನು ಕಣ್ತುಂಬ ನೋಡುವ ಸಿನಿಮಾವೂ ಆಯಿತು.

1970ರ 'ವೆಂಜೆನ್ಸ್' ಸಿನಿಮಾದ ಒಂದು ಭಾಗವನ್ನು ನೋಡಬೇಕು. ಟೀ ಲುಂಗ್ ಅದರಲ್ಲಿ ಪೀಕಿಂಗ್ ಒಪೆರಾದ ನಟ. ಹೆಂಡತಿಯ ಬೆನ್ನು ಹತ್ತಿದವನನ್ನು ಎದುರು ಹಾಕಿಕೊಂಡದ್ದಕ್ಕೆ ಚಹಾದಂಗಡಿಯೊಂದರಲ್ಲಿ ಹತ್ತಾರು ಮಂದಿ ಅವನ ಮೇಲೆ ಬೀಳುತ್ತಾರೆ, ಇರಿಯುತ್ತಾರೆ, ಕಣ್ಣು ಕೀಳುತ್ತಾರೆ. ಅವನು ಕುರುಡಾಗಿ, ರಕ್ತದಲ್ಲಿ ತೊಯ್ದು, ಸಿಕ್ಕಿದವರನ್ನು ಸಿಕ್ಕಿದಲ್ಲಿ ಹಿಡಿದು ಹೊಡೆಯುತ್ತಲೇ ಇರುತ್ತಾನೆ. ಚಾಂಗ್ ಚೆ ಇದಿಷ್ಟನ್ನೇ ತೋರಿಸಿದ್ದರೆ ಅದು ಬರೀ ಹಿಂಸೆಯಾಗುತ್ತಿತ್ತು. ಅವರು ನಡುನಡುವೆ ಅದೇ ನಟ ರಂಗದ ಮೇಲೆ ಮುಖಕ್ಕೆ ಬಣ್ಣ ಬಳಿದು, ಭರ್ಜರಿ ವೇಷ ತೊಟ್ಟು ವೀರನೊಬ್ಬನ ಸಾವನ್ನು ಅಭಿನಯಿಸುವುದನ್ನು ತಂದು ಸೇರಿಸುತ್ತಾರೆ. ಎರಡು ಸಾವುಗಳೂ ನಿಧಾನಗತಿಯಲ್ಲಿ ಒಂದರೊಳಗೊಂದು ಕಲೆಯುತ್ತವೆ. ಬೆನ್ನು ಬಿಲ್ಲಿನಂತೆ ಬಾಗುತ್ತದೆ, ಬಾಯಿ ತೆರೆಯುತ್ತದೆ, ಮೈ ಗಾಳಿಯಲ್ಲಿ ತೇಲಿದಂತೆ ಕುಸಿಯುತ್ತದೆ. ನೋವಿಗೂ ಸುಖಕ್ಕೂ ನಡುವಿನ ಗೆರೆ ಅಳಿಸಿಹೋಗುವ ಗಳಿಗೆ ಅದು. ಅಣ್ಣನಿಗಾಗಿ ಊರಿಗೆ ಬರುವ ತಮ್ಮ ಡೇವಿಡ್ ಚಿಯಾಂಗ್. ಸೇಡು ತೀರಿಸಲು ಹೋಗುವಾಗ ಅವನು ತೊಡುವುದು ಬಿಳಿಯ ಸೂಟು. ಕೊಲ್ಲಲು ಹೊರಟವನಿಗೆ ಬಿಳಿ ಬಟ್ಟೆ ಯಾಕೆ ಬೇಕು? ರಕ್ತ ಚೆನ್ನಾಗಿ ಕಾಣಲೆಂದು ಎನ್ನುವುದು ಒಂದು ಉತ್ತರ. ಅವನು ಚೆಲುವನಾಗಿ ಕಾಣಲೆಂದು ಎನ್ನುವುದು ಇನ್ನೊಂದು. ನನಗೆ ಎರಡನೆಯದೂ ನಿಜವೆಂದೇ ತೋರುತ್ತದೆ. ಇಬ್ಬರು ನಟರ ಈ ಜೋಡಿ ಮುಂದೆ ಎಷ್ಟು ಜನಪ್ರಿಯವಾಯಿತೆಂದರೆ, ವರ್ಷ ವರ್ಷವೂ ಅವರಿಬ್ಬರೂ ಸಿನಿಮಾದಿಂದ ಸಿನಿಮಾಕ್ಕೆ ಒಬ್ಬರಿಗಾಗಿ ಇನ್ನೊಬ್ಬರು ಸಾಯುತ್ತ, ಸತ್ತವನ ಸೇಡಿಗಾಗಿ ಉಳಿದವನು ಕತ್ತಿ ಎತ್ತುತ್ತ ಬಂದರು.

ಇಲ್ಲೊಂದು ಕಟ್ಟಳೆ ಇದೆ. ಈ ಲೋಕದಲ್ಲಿ ಗಂಡಸು ಗಂಡಸಿನ ಮೈ ಮುಟ್ಟಬೇಕಾದರೆ ಸುಂಕ ಕಟ್ಟಬೇಕು. ಆ ಸುಂಕ ರಕ್ತದ್ದು. ಸುಮ್ಮನೆ ಕೂತ ಗೆಳೆಯನ ತಲೆ ನೇವರಿಸುವಂತಿಲ್ಲ, ಅವನ ಹೊಟ್ಟೆಗೆ ಕತ್ತಿ ಹೊಕ್ಕ ಮೇಲೆ ನೇವರಿಸಬಹುದು. ಬದುಕಿದ್ದವನಿಗೆ ನೀನಿಲ್ಲದೆ ನಾನಿಲ್ಲ ಎನ್ನುವಂತಿಲ್ಲ, ಸತ್ತವನಿಗೆ ಹೇಳಬಹುದು. ಮೈಯನ್ನು ಬರಿದಾಗಿಸಿ ನೋಡುವುದಕ್ಕೂ ಅದೇ ನಿಯಮ. ಏಟು ಬಿದ್ದು ಅಂಗಿ ಹರಿದರೆ ನೋಡುವುದರಲ್ಲಿ ತಪ್ಪಿಲ್ಲ. ಬ್ರಿಟನ್ನಿನ ಚಲನಚಿತ್ರ ಚಿಂತಕ ಸ್ಟೀವ್ ನೀಲ್ 1983ರ ಲೇಖನವೊಂದರಲ್ಲಿ ಇದರ ಹತ್ತಿರದ ಮಾತನ್ನೇ ಆಡಿದ್ದರು. ಗಂಡಸಿನ ಮೈಯನ್ನು ಬಯಕೆಯ ವಸ್ತುವಾಗಿ ನೇರವಾಗಿ ತೋರಿಸಲು ಅಂಜುವ ಸಿನಿಮಾ, ಆ ಮೈಗೆ ಗಾಯ ಮಾಡಿ, ಕಾಳಗವನ್ನು ಆಚರಣೆಯಂತೆ ಹಿಗ್ಗಿಸಿ, ನೋಟದ ಬಿಸಿಯನ್ನು ಹಿಂಸೆಯ ಕಡೆಗೆ ತಿರುಗಿಸುತ್ತದೆ ಎಂಬುದು ಅವರ ವಾದದ ಸಾರ. ಅವರು ನೋಡಿದ್ದು ಪಾಶ್ಚಾತ್ಯ ಸಿನಿಮಾಗಳನ್ನು. 1972ರ 'ದಿ ಬಾಕ್ಸರ್ ಫ್ರಂ ಶಾಂಟುಂಗ್' ನೋಡಿದವರಿಗೆ ಆ ಮಾತಿಗೆ ಬೇರೆ ಪುರಾವೆ ಬೇಡ. ಅದರ ನಾಯಕ ಹೊಟ್ಟೆಯಲ್ಲಿ ಕೊಡಲಿ ನಾಟಿಸಿಕೊಂಡೇ ಗುಂಪಿನೊಡನೆ ಹೋರಾಡುತ್ತಾನೆ, ಬೇಗ ಸಾಯುವುದಿಲ್ಲ. ಕ್ಯಾಮೆರಾಕ್ಕೂ ಅವನನ್ನು ಬಿಟ್ಟುಕೊಡುವ ಮನಸ್ಸಿಲ್ಲ.

ಈ ಸುಂಕವನ್ನು ಗಂಡಸರಿಂದ ಮಾತ್ರ ವಸೂಲಿ ಮಾಡಲಿಲ್ಲ ಎನ್ನುವುದನ್ನೂ ಮರೆಯಬಾರದು. ಗಂಡಸರ ಅಣ್ಣತಮ್ಮಿಕೆ ಮುರಿಯುವುದಕ್ಕೆ ಈ ಕತೆಗಳಲ್ಲಿ ಮೇಲಿಂದ ಮೇಲೆ ಹೆಣ್ಣೇ ಕಾರಣ. 1870ರಲ್ಲಿ ಚೀನಾದಲ್ಲಿ ನಿಜವಾಗಿ ನಡೆದ ಅಧಿಕಾರಿಯೊಬ್ಬನ ಕೊಲೆಯನ್ನು ಆಧರಿಸಿದ 'ಬ್ಲಡ್ ಬ್ರದರ್ಸ್' (1973) ಚಾಂಗ್ ಚೆ ಅವರ ಒಳ್ಳೆಯ ಸಿನಿಮಾಗಳಲ್ಲಿ ಒಂದು. ಅಲ್ಲಿಯೂ ಆಣೆ ಹಾಕಿ ಸೋದರರಾದ ಮೂವರ ನಡುವೆ ಬಿರುಕು ಬರುವುದು ಒಬ್ಬನ ಹೆಂಡತಿ ಇನ್ನೊಬ್ಬನಿಗೆ ಒಲಿದಾಗ. ಗಂಡಸರ ಮೃದುತನಕ್ಕೆ ಜಾಗ ಮಾಡಿಕೊಡಲು ಹೆಂಗಸನ್ನು ತಪ್ಪಿತಸ್ಥಳನ್ನಾಗಿ ನಿಲ್ಲಿಸುವ ಈ ಚಾಳಿಯನ್ನು ನಾನು ಮೆಚ್ಚಲಾರೆ. ಗೆಳೆತನವನ್ನು ಎತ್ತರದಲ್ಲಿ ಇಡಬೇಕಾದರೆ ಇನ್ನೊಂದನ್ನು ತುಳಿಯಲೇಬೇಕೆ?

ಬಜೆಟ್ಟಿನ ವಿಷಯಕ್ಕೆ ಬರೋಣ. ದೊಡ್ಡ ದುಡ್ಡಿನ ಸಿನಿಮಾಕ್ಕೆ ಅಡಗಿಕೊಳ್ಳಲು ನೂರು ಜಾಗ ಇರುತ್ತವೆ: ಕೋಟೆ, ಕಡಲು, ಸಾವಿರ ಕುದುರೆ, ಸ್ಫೋಟ. ಕೈಯಲ್ಲಿ ಕಾಸಿಲ್ಲದ ನಿರ್ಮಾಪಕನಿಗೆ ದಕ್ಕುವುದು ಖಾಲಿ ಗೋದಾಮು, ಹಿತ್ತಿಲು, ಒಂದು ಅಖಾಡ, ಮತ್ತೆ ನಟರ ಮೈಕಟ್ಟು. ಮೈಯೊಂದೇ ಅಲ್ಲಿನ ಬಂಡವಾಳ. ಅದನ್ನು ಎಷ್ಟು ತೋರಿಸಿದರೂ ಹೆಚ್ಚಿನ ಖರ್ಚಿಲ್ಲ. 1986ರ 'ನೋ ರಿಟ್ರೀಟ್, ನೋ ಸರೆಂಡರ್' ಹಾಂಗ್ ಕಾಂಗಿನವರೇ ಅಮೆರಿಕದಲ್ಲಿ ಅಗ್ಗವಾಗಿ ತೆಗೆದದ್ದು, ನಿರ್ದೇಶಕ ಕೋರಿ ಯೂನ್. ಊರು ಬಿಟ್ಟು ಸಿಯಾಟಲ್‌ಗೆ ಬಂದ ಹುಡುಗ, ಅಲ್ಲಿ ಸಿಕ್ಕ ಹೊಸ ಗೆಳೆಯ, ಪಾಠ ಹೇಳಲು ಬರುವ ಬ್ರೂಸ್ ಲೀಯ ದೆವ್ವ (ಹೌದು, ದೆವ್ವವೇ), ಎದುರಿಗೆ ರಷ್ಯನ್ ವೇಷದ ನಟ ವಾನ್ ಡ್ಯಾಮ್. ನಾಯಕನಿಗೆ ಒಬ್ಬ ಪ್ರೇಯಸಿಯೂ ಇದ್ದಾಳೆ, ಆದರೆ ಗೆಳೆಯನ ಜೊತೆಗಿನ ಅಭ್ಯಾಸಕ್ಕೆ ಸಿಕ್ಕಷ್ಟು ಸಮಯ, ನಗು, ಸಲಿಗೆ ಆ ಹುಡುಗಿಗೆ ಸಿಗುವುದಿಲ್ಲ. 1988ರ 'ಬ್ಲಡ್‌ಸ್ಪೋರ್ಟ್' ಕೂಡ ಕ್ಯಾನನ್ ಕಂಪನಿಯ ಸಣ್ಣ ಬಜೆಟ್ಟಿನ ಸರಕು. ವಾನ್ ಡ್ಯಾಮ್ ಕಾಲು ಚಾಚಿ ನಡೆಸುವ ಕಸರತ್ತನ್ನು ಕ್ಯಾಮೆರಾ ಮುಗಿಸಲೊಲ್ಲದು. ಅಲ್ಲಿಯೂ ಪತ್ರಕರ್ತೆಯೊಬ್ಬಳಿದ್ದಾಳೆ, ಒಂದು ರಾತ್ರಿಯ ಜೊತೆಯೂ ಉಂಟು. ಆದರೆ ಸಿನಿಮಾದ ಎದೆಬಡಿತ ಇರುವುದು ಬಿಯರ್ ಕುಡಿಯುವ ದಢೂತಿ ಗೆಳೆಯ ಜಾಕ್ಸನ್ ಮೇಲೆ. ಅವನು ಏಟು ತಿಂದು ಬಿದ್ದಾಗಲೇ ನಾಯಕನ ಮುಖದಲ್ಲಿ ಮೊದಲ ಬಾರಿ ನಿಜವಾದ ಸಂಕಟ ಕಾಣುವುದು. ಇಂಥ ಸಿನಿಮಾಗಳಲ್ಲಿ ನಾಯಕಿಯ ಕೆಲಸ ಇಷ್ಟೇ: ನಾಯಕನ ಬಗ್ಗೆ ಯಾರಿಗೂ ಅನುಮಾನ ಬಾರದಂತೆ ಒಂದು ಪ್ರಮಾಣಪತ್ರ ಬರೆದುಕೊಟ್ಟು ಹೋಗುವುದು. ಬಡ ಸಿನಿಮಾದಲ್ಲಿ ಆ ಪ್ರಮಾಣಪತ್ರವೂ ಅಗ್ಗದ ಕಾಗದದ್ದು, ಹಿಂದಿರುವುದೆಲ್ಲ ಕಾಣುತ್ತದೆ. ಶ್ರೀಮಂತ ಸಿನಿಮಾ ಮುಚ್ಚಿಡಬಲ್ಲದ್ದನ್ನು ಬಡ ಸಿನಿಮಾ ಮುಚ್ಚಿಡಲಾರದು ಎನ್ನುವುದಕ್ಕೇ ನನಗೆ ಇವುಗಳ ಮೇಲೆ ಅಕ್ಕರೆ.

ಸಾವಿನ ಎದುರು ಮಾತ್ರ ಬಾಯಿಬಿಡುವ ಗಂಡಸರ ಒಲವು ಹಾಂಗ್ ಕಾಂಗಿನದ್ದೇ ಆವಿಷ್ಕಾರವಲ್ಲ. ರನ್ನನ ಗದಾಯುದ್ಧದಲ್ಲಿ ಸಂಜಯನೊಡನೆ ರಣರಂಗದಲ್ಲಿ ಹೆಣಗಳ ನಡುವೆ ನಡೆಯುವ ದುರ್ಯೋಧನ ಒಬ್ಬೊಬ್ಬರ ಮುಂದೆಯೂ ನಿಂತು ಅಳುತ್ತಾನೆ. ಕರ್ಣನ ಮುಂದೆ ಬಂದಾಗ ಆ ಅಳುವಿನ ಬಗೆಯೇ ಬೇರೆ. ಛಲದಂಕಮಲ್ಲನೆನಿಸಿಕೊಂಡವನು ಆ ಹೊತ್ತಿಗೆ ಬರೀ ಗೆಳೆಯ. ಅವನ ಗಂಡುತನವನ್ನು ಅದಕ್ಕಾಗಿ ಯಾವ ಓದುಗನೂ ಅನುಮಾನಿಸಿದ್ದಿಲ್ಲ. ಅದೇ ದುರ್ಯೋಧನ ಕರ್ಣ ಬದುಕಿದ್ದಾಗ, ಯುದ್ಧದ ಮಾತೇ ಇಲ್ಲದ ಒಂದು ಸಂಜೆ, ಹಾಗೆ ಕರಗಿದ್ದರೆ ನಮ್ಮ ಓದು ಏನಾಗುತ್ತಿತ್ತೋ ಹೇಳಲಾಗದು.

ಗಂಡಸರ ಮೈಗಳು ಹಗೆಯಿಲ್ಲದೆ ಹತ್ತಿರವಾಗುವ ಜಾಗವೂ ನಮ್ಮಲ್ಲಿ ಇಲ್ಲದಿಲ್ಲ. ಮೈಸೂರಿನ ಗರಡಿ ಮನೆಗಳ ಒಳಗೆ ಹೋಗಿ ನೋಡಿದರೆ ಗೊತ್ತಾಗುತ್ತದೆ. ಕೆಮ್ಮಣ್ಣಿನ ಅಖಾಡದಲ್ಲಿ ಲಂಗೋಟಿ ಬಿಗಿದ ಹುಡುಗನ ಬೆನ್ನಿಗೆ ಹಿರಿಯ ಪೈಲ್ವಾನ ಎಣ್ಣೆ ತಿಕ್ಕುತ್ತಾನೆ, ತೋಳು ನೀವುತ್ತಾನೆ, ಪಟ್ಟು ತಪ್ಪಿದರೆ ಬೈದು ಮತ್ತೆ ಎಳೆದು ಎದೆಗೊತ್ತಿಕೊಂಡು ತೋರಿಸುತ್ತಾನೆ. ಅಲ್ಲಿ ಮೈಯ ಬಗ್ಗೆ ಸಂಕೋಚವಿಲ್ಲ, ಆದರೆ ಬ್ರಹ್ಮಚರ್ಯದ ಕಟ್ಟುನಿಟ್ಟು ಬೆನ್ನಿಗೇ ಇದೆ. ಮುಟ್ಟುವುದಕ್ಕೆ ಇಷ್ಟು ಅವಕಾಶ ಕೊಟ್ಟ ಗರಡಿ ಬಯಕೆಯ ಹೆಸರೆತ್ತುವುದಕ್ಕೆ ಅಷ್ಟೇ ಅಡ್ಡಿ ಮಾಡಿತು ಎಂದರೆ ಉಸ್ತಾದರು ಸಿಟ್ಟಾಗಬಾರದು.

ಕುಂಗ್ ಫೂ ಸಿನಿಮಾದವರೂ ಹೆಸರೆತ್ತಲು ಒಪ್ಪಲಿಲ್ಲ. ಹಾಂಗ್ ಕಾಂಗಿನ ನಿರ್ದೇಶಕ ಸ್ಟ್ಯಾನ್ಲಿ ಕ್ವಾನ್ 1996ರಲ್ಲಿ ಚೀನೀ ಸಿನಿಮಾಗಳಲ್ಲಿ ಗಂಡು ಹೆಣ್ಣಿನ ಚಿತ್ರಣದ ಬಗ್ಗೆ 'ಯಾಂಗ್ ಪ್ಲಸ್ ಮೈನಸ್ ಯಿನ್' ಎಂಬ ಸಾಕ್ಷ್ಯಚಿತ್ರ ಮಾಡಿದರು. ತಾನು ಸಲಿಂಗಪ್ರೇಮಿ ಎಂದು ಅವರು ಎಲ್ಲರೆದುರು ಹೇಳಿಕೊಂಡದ್ದು ಆ ಚಿತ್ರದಲ್ಲೇ; ತಾಯಿಯೊಡನೆ ಆ ಬಗ್ಗೆ ಮಾತಾಡಿದ್ದನ್ನೂ ಅದರಲ್ಲಿ ಇಟ್ಟರು. ತಾನು ಚಿಕ್ಕವನಿದ್ದಾಗ ನೋಡಿದ ಆ ಬಿಳಿ ಬಟ್ಟೆಯ, ಬರಿಮೈಯ ವೀರರನ್ನು ಸೃಷ್ಟಿಸಿದ ಚಾಂಗ್ ಚೆ ಅವರನ್ನು ಕ್ಯಾಮೆರಾದ ಮುಂದೆ ಕೂರಿಸಿ ಮಾತಾಡಿಸಿದರು. ಅವರ ಸಿನಿಮಾಗಳಲ್ಲಿ ಕೆಲವರು ಕಂಡ ಈ ಬಗೆಯ ಬಯಕೆಯನ್ನು ಚಾಂಗ್ ಚೆ ಒಪ್ಪಿದವರಲ್ಲ. ಅದು ಚೀನೀ ಸಂಪ್ರದಾಯದ ಅಣ್ಣತಮ್ಮಿಕೆ, ನಿಷ್ಠೆ ಎಂಬುದೇ ಅವರ ನಿಲುವು. ಅವರ ಕೈಕೆಳಗೆ ಸಹಾಯಕನಾಗಿ ಪಳಗಿ ಮುಂದೆ 'ದಿ ಕಿಲ್ಲರ್' (1989) ತೆಗೆದ ಜಾನ್ ವೂ ಅವರಿಗೂ ಇದೇ ಪ್ರಶ್ನೆ ಎದುರಾಯಿತು. ತಾನು ಬೇಕೆಂದು ಮಾಡಿದ್ದಲ್ಲ, ಹಾಗೆ ಕಂಡರೆ ಅದು ಕಂಡವರ ಹಕ್ಕು ಎಂಬರ್ಥದ ಉತ್ತರ ಕೊಟ್ಟರು. ಗುರುವಿನ ಮಾತಿಗಿಂತ ಶಿಷ್ಯನ ಮಾತು ನನಗೆ ದೊಡ್ಡದೆನಿಸುತ್ತದೆ.

ಚಾಂಗ್ ಚೆ ಹುಸಿ ನುಡಿದರೇ? ನನಗೆ ಹಾಗೆನ್ನಿಸುವುದಿಲ್ಲ. ಅವರು ಆ ಸಿನಿಮಾಗಳನ್ನು ತೆಗೆಯುತ್ತಿದ್ದ ಕಾಲಕ್ಕೆ ಬ್ರಿಟಿಷರ ಆಳ್ವಿಕೆಯ ಹಾಂಗ್ ಕಾಂಗಿನಲ್ಲಿ ಗಂಡಸು ಗಂಡಸನ್ನು ಕೂಡುವುದು ಜೀವಾವಧಿ ಶಿಕ್ಷೆಯವರೆಗೂ ಹೋಗಬಲ್ಲ ಅಪರಾಧ. ಆ ಕಾನೂನು ಸಡಿಲಗೊಂಡದ್ದು 1991ರಲ್ಲಿ. ಅದೇ ಬ್ರಿಟಿಷರು 1860ರಲ್ಲಿ ನಮಗೂ ಕೊಟ್ಟುಹೋದ 377ನೇ ಕಲಮಿನ ಹಿಡಿತ ಬಿಟ್ಟದ್ದು ಇನ್ನೂ ತಡವಾಗಿ, 2018ರ ಸೆಪ್ಟೆಂಬರಿನಲ್ಲಿ. ಬಯಸಿದಂತೆ ಬದುಕಿದರೆ ಜೈಲು ಎಂಬ ಕಾಲದಲ್ಲಿ, ಹೇಳಬಾರದ್ದನ್ನು ಮನಸ್ಸು ತನಗೇ ಹೇಳಿಕೊಳ್ಳದಿರುವುದನ್ನೂ ಕಲಿತುಬಿಡುತ್ತದೆ. ಕಲಾವಿದನ ಕೈ ಅವನ ಬಾಯಿಗಿಂತ ಹೆಚ್ಚು ಬಲ್ಲದು. ಅದನ್ನು ಸುಳ್ಳು ಎನ್ನಲಾಗದು. ಇನ್ನೊಂದು ಕಡೆಯಿಂದ ಯೋಚಿಸಿದರೆ, ಅವರು ಹೇಳಿದ ಅಣ್ಣತಮ್ಮಿಕೆಯೂ ನಿಜವೇ. ಒಲವಿಗೂ ಗೆಳೆತನಕ್ಕೂ ನಡುವೆ ಬೇಲಿ ಹಾಕಿ, ಇದು ಈಚೆ, ಅದು ಆಚೆ ಎಂದು ಪಾಲು ಮಾಡಲು ಕೂತವರು ನಾವು. ಬಹಳಷ್ಟು ಮನಸ್ಸುಗಳು ಬದುಕಿರುವುದು ಆ ಬೇಲಿಯ ಮೇಲೆಯೇ.

ಮೊದಲಿಗೆ ಹೇಳಿದ, ಪಕ್ಕೆ ತಿವಿದುಕೊಳ್ಳುವ ಹುಡುಗರ ಆ ನಗುವಿನಲ್ಲಿ ಎರಡು ಕೆಲಸ ಒಟ್ಟಿಗೆ ನಡೆಯುತ್ತಿರುವಂತೆ ನನಗೆ ಕಾಣುತ್ತದೆ. ನನಗೆ ಗೊತ್ತಾಯಿತು ಎಂದು ಹೇಳುವುದು ಒಂದು, ನಾನು ಅಂಥವನಲ್ಲ ಎಂದು ಪಕ್ಕದವನಿಗೆ ಖಾತ್ರಿಪಡಿಸುವುದು ಇನ್ನೊಂದು. ನಕ್ಕವನು ಕೆಟ್ಟವನೇನಲ್ಲ, ಅಂಜಿದವನು. ನಮ್ಮ ಊರುಗಳಲ್ಲಿ ಗೆಳೆಯರು ಕಿರುಬೆರಳಿಗೆ ಕಿರುಬೆರಳು ಸಿಕ್ಕಿಸಿಕೊಂಡು, ಹೆಗಲ ಮೇಲೆ ಕೈಹಾಕಿಕೊಂಡು ಜಾತ್ರೆ ಸುತ್ತುವುದು ಈಗಲೂ ಕಾಣುತ್ತದೆ. ನಗರದ ಕಾಲೇಜುಗಳ ಹುಡುಗರಲ್ಲಿ ಅದು ಕಡಿಮೆಯಾಗುತ್ತಿದೆ. ನೋಡಿದವರು ಏನೆಂದುಕೊಂಡಾರೋ ಎಂಬ ಶಂಕೆ ಕೈಯನ್ನು ಜೇಬಿಗೆ ಇಳಿಸಿದೆ. ಹಾಗೆಂದು ಹಿಂದಿನ ಕಾಲವೇ ಚೆನ್ನಾಗಿತ್ತು ಎನ್ನುವ ಹಳಹಳಿಕೆಗೂ ಅರ್ಥವಿಲ್ಲ. ಹೆಗಲ ಮೇಲೆ ಕೈಯಿಟ್ಟ ಆ ಜಾತ್ರೆಯಲ್ಲಿ, ಗೆಳೆತನಕ್ಕಿಂತ ಹೆಚ್ಚಿನದನ್ನು ಬಯಸಿದ ಹುಡುಗನೂ ಒಬ್ಬನಿದ್ದಿರಬೇಕು. ಎಲ್ಲರಿಗೂ ಸಲ್ಲುತ್ತಿದ್ದ ಆ ಸ್ಪರ್ಶದ ಮರೆಯಲ್ಲಿ ಅವನು ಸುರಕ್ಷಿತನಾಗಿದ್ದ, ಒಂಟಿಯೂ ಆಗಿದ್ದ. ಅವನಂಥವನಿಗೆ ಹಾಂಗ್ ಕಾಂಗಿನ ಆ ಅಗ್ಗದ ಸಿನಿಮಾ ಏನಾಗಿ ಕಂಡಿರಬಹುದು? ಸುತ್ತಲಿನವರೆಲ್ಲ ಹೊಡೆದಾಟಕ್ಕೆ ಸಿಳ್ಳೆ ಹಾಕುತ್ತಿದ್ದಾಗ ಅವನೊಬ್ಬ ಬೇರೆಯದೇ ಕತೆಯನ್ನು ನೋಡುತ್ತ ಕೂತಿರಬಹುದು. ಯಾರೂ ಅವನಿಗಾಗಿ ತೆಗೆಯದ ಸಿನಿಮಾದಲ್ಲಿ ತನ್ನ ಪಾಲನ್ನು ಹೆಕ್ಕಿಕೊಳ್ಳುವುದೂ ಒಂದು ಜಾಣತನವೇ.

ಚಾಂಗ್ ಚೆ 2002ರಲ್ಲಿ ತೀರಿಕೊಂಡರು. ಅದಕ್ಕೆ ಒಂದು ವರ್ಷ ಮೊದಲು ಸ್ಟ್ಯಾನ್ಲಿ ಕ್ವಾನ್ 'ಲಾನ್ ಯೂ' ಎಂಬ ಸಿನಿಮಾ ತೆಗೆದಿದ್ದರು. ಬೀಜಿಂಗಿನ ಒಬ್ಬ ವ್ಯಾಪಾರಿಗೂ ವಾಸ್ತುಶಿಲ್ಪ ಓದುವ ಹುಡುಗನಿಗೂ ನಡುವಿನ ಪ್ರೀತಿ ಅದರ ವಸ್ತು. ಅದರಲ್ಲಿ ಕತ್ತಿಯಿಲ್ಲ, ಸೇಡಿಲ್ಲ, ಹೊಡೆದಾಟದ ನೆಪವಿಲ್ಲ. ಇಬ್ಬರು ಗಂಡಸರು ಒಬ್ಬರನ್ನೊಬ್ಬರು ಮುಟ್ಟುವುದಕ್ಕೆ ಯಾರೂ ಗಾಯಗೊಳ್ಳಬೇಕಾಗಿಲ್ಲ. ಉಣ್ಣುತ್ತಾರೆ, ಜಗಳವಾಡುತ್ತಾರೆ, ಅಗಲುತ್ತಾರೆ, ಮತ್ತೆ ಸೇರುತ್ತಾರೆ. ಆದರೆ ಕೊನೆಗೆ ಕಟ್ಟಡದ ಕೆಲಸದ ಜಾಗದಲ್ಲಿ ಅವಘಡವಾಗಿ ಹುಡುಗ ಸಾಯುತ್ತಾನೆ, ಉಳಿದವನು ಅವನ ಹೆಣದ ಮುಂದೆ ಕುಸಿದು ಅಳುತ್ತಾನೆ. ಆ ಸಾವು ಮೂಲ ಕಾದಂಬರಿಯಲ್ಲೇ ಇತ್ತು ಎನ್ನುವುದು ನಿಜ, ಕ್ವಾನ್ ಅದನ್ನು ತಾವಾಗಿ ತಂದು ಸೇರಿಸಿದ್ದಲ್ಲ. ಆದರೂ ಅಷ್ಟೆಲ್ಲವನ್ನೂ ಬಿಡಿಸಿ ಹೇಳಿದ ಮೇಲೆ, ಮರೆಮಾಚುವ ಅಗತ್ಯವೇ ಉಳಿಯದ ಮೇಲೆ, ಹಳೆಯ ಸುಂಕವನ್ನು ಇವರಿಂದಲೂ ಯಾಕೆ ವಸೂಲಿ ಮಾಡಬೇಕಾಯಿತು?